ಹೆಸರಿಗೆ ಊರೆಲ್ಲ ಅಶೋಕ: ಸೀತಾ ಅಶೋಕವನ್ನು ಗುರುತಿಸಿ, ಅದರ ಸ್ಥಿತಿ ಅರಿತು, ಬೀಜದಿಂದ ಬೆಳೆಸುವ ಸಮಗ್ರ ಮಾರ್ಗದರ್ಶಿ

ಅಶೋಕ ಮರ ಅಪಾಯದಲ್ಲಿದೆ ಎಂದು ಯಾರಿಗಾದರೂ ಹೇಳಿ ನೋಡಿ, ನಂಬುವುದಿಲ್ಲ. ಶಾಲೆಯ ಕಾಂಪೌಂಡಿನ ಉದ್ದಕ್ಕೂ, ಕಲ್ಯಾಣಮಂಟಪದ ಗೇಟಿನ ಎರಡೂ ಬದಿಗೆ, ಬಡಾವಣೆಯ ಪಾರ್ಕಿನ ಸುತ್ತ ಕವಾಯತಿಗೆ ನಿಂತಂತೆ ಸಾಲುಗಟ್ಟಿವೆಯಲ್ಲ, ಅವೆಲ್ಲ ಮತ್ತೇನು ಎಂದು ತಿರುಗಿ ಕೇಳುತ್ತಾರೆ. ಅವು ಅಶೋಕವಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಮರ ಅದು. ಸಸ್ಯಶಾಸ್ತ್ರದವರು ಹಿಂದೆ ಪಾಲಿಯಾಲ್ತಿಯಾ ಎನ್ನುತ್ತಿದ್ದರು, ಈಗ ಮೊನೂನ್ ಲಾಂಗಿಫೋಲಿಯಂ ಎನ್ನುತ್ತಾರೆ. ನಿಜವಾದ ಅಶೋಕ, ಅಂದರೆ ಸಸ್ಯಶಾಸ್ತ್ರದವರು ಸರಾಕಾ ಅಶೋಕ ಎನ್ನುವ ಸೀತಾ ಅಶೋಕ, ಅವರೆ, ತೊಗರಿ, ಹೊಂಗೆಗಳ ಬಳಗದ್ದು. ದ್ವಿದಳ ಸಸ್ಯಗಳ ಆ ದೊಡ್ಡ ಕುಟುಂಬದೊಳಗೆ ಅದಕ್ಕೆ ಹತ್ತಿರದ ನೆಂಟ ನಮ್ಮ ಹುಣಸೆ.

ಹೆಸರು ಎಲ್ಲೆಲ್ಲೂ ಇರುವುದರಿಂದ ಮರ ಕಾಣೆಯಾಗುತ್ತಿರುವುದು ಯಾರ ಗಮನಕ್ಕೂ ಬಂದಿಲ್ಲ. ಈ ಮರದ ಮೊದಲ ತೊಂದರೆ ಇದೇ ಎಂದು ನನ್ನ ಅನಿಸಿಕೆ. ಹಾಗಾಗಿ ಈ ಮಾರ್ಗದರ್ಶಿ ಗಿಡ ನೆಡುವುದರಿಂದ ಶುರುವಾಗುವುದಿಲ್ಲ, ಗುರುತಿಸುವುದರಿಂದ ಶುರುವಾಗುತ್ತದೆ. ಆತುರ ಇರುವವರು ಬೀಜದ ಭಾಗಕ್ಕೆ ಹಾರಬಹುದು. ಆದರೆ ತಪ್ಪು ಮರದ ಬೀಜ ಹಾಕಿ ಎಂಟು ವರ್ಷ ಕಾದವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ.

ಮೊದಲ ಹೆಜ್ಜೆ: ಇದು ನಿಜವಾಗಿಯೂ ಅಶೋಕವೇ?

ಎಲೆಯಿಂದ ಶುರು ಮಾಡಿ, ಏಕೆಂದರೆ ಹೂ ವರ್ಷದ ಕೆಲವೇ ತಿಂಗಳು ಸಿಗುತ್ತದೆ. ಪಾರ್ಕಿನ 'ಅಶೋಕ'ದ್ದು ಒಂಟಿ ಎಲೆ, ಉದ್ದ, ಅಂಚು ಅಲೆಅಲೆಯಾಗಿ ಮಡಚಿದಂತೆ ಇರುತ್ತದೆ. ಸೀತಾ ಅಶೋಕದ್ದು ಸಂಯುಕ್ತ ಎಲೆ. ಒಂದು ನಡುದಂಟಿಗೆ ಎದುರುಬದುರಾಗಿ ಮೂರರಿಂದ ಆರು ಜೊತೆ ಎಲೆತುಂಡುಗಳು. ತುದಿಯಲ್ಲಿ ಒಂಟಿ ಎಲೆತುಂಡು ಇರುವುದಿಲ್ಲ, ಜೋಡಿಯಲ್ಲೇ ಮುಗಿಯುತ್ತದೆ. ಎಲೆತುಂಡಿನ ಅಂಚು ನುಣುಪು, ಅಲೆಯಿಲ್ಲ. ಇಷ್ಟನ್ನು ನೋಡಿದರೆ ಊರಿನ ನೂರು ಮರಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಅಲ್ಲೇ ಕಳಚಿಬೀಳುತ್ತವೆ.

ಚಿಗುರು ನೋಡಲು ಸಿಕ್ಕರೆ ಇನ್ನೂ ಸುಲಭ. ಹೊಸ ಎಲೆಗೊಂಚಲು ತಾಮ್ರದ ಕೆಂಪು ಬಣ್ಣದ್ದು. ಒಗೆದು ಹಿಂಡದೆ ತಂತಿಗೆ ಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತದೆ. ಗಿಡಕ್ಕೆ ನೀರು ಸಾಲದೆ ಬಾಡಿದೆ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಬಾಡಿದ್ದಲ್ಲ, ಅದರ ಸ್ವಭಾವವೇ ಹಾಗೆ. ಕೆಲವು ದಿನಗಳಲ್ಲಿ ಹಸಿರಾಗಿ ಗಟ್ಟಿಯಾಗುತ್ತದೆ.

ಹೂವಿನ ಕಾಲ ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್. ಗೊಂಚಲುಗಳು ರೆಂಬೆಯ ತುದಿಗಿಂತ ಹೆಚ್ಚಾಗಿ ಹಳೆಯ ಕೊಂಬೆಗಳ ಮೈಮೇಲೆಯೇ, ಕೆಲವೊಮ್ಮೆ ಕಾಂಡದ ಮೇಲೂ ಮೂಡುತ್ತವೆ. ಅರಳಿದಾಗ ಹಳದಿ ಮಿಶ್ರಿತ ಕಿತ್ತಳೆ. ದಿನ ಕಳೆದಂತೆ ಕೆಂಪಾಗುತ್ತದೆ. ಹೀಗಾಗಿ ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣ ಕಾಣುತ್ತದೆ. ಒಂದು ಹೂ ಬಿಡಿಸಿ ನೋಡಿ. ದಳಗಳಂತೆ ಕಾಣುವ ನಾಲ್ಕು ಭಾಗಗಳು ದಳಗಳೇ ಅಲ್ಲ, ಬಣ್ಣ ತಾಳಿದ ಪುಷ್ಪಪತ್ರಗಳು, ಅಂದರೆ ಹೂವಿನ ಹೊರಹೊದಿಕೆಯ ಭಾಗಗಳು. ಈ ಹೂವಿಗೆ ದಳವೇ ಇಲ್ಲ. ಅದರಿಂದ ಹೊರಕ್ಕೆ ಚಾಚಿದ ಉದ್ದನೆಯ ಕೇಸರಗಳು ಸಾಮಾನ್ಯವಾಗಿ ಏಳು ಅಥವಾ ಎಂಟು. ಇನ್ನೊಂದು 'ಅಶೋಕ'ದ ಹೂವಾದರೋ ಹಸಿರು ಮಿಶ್ರಿತ ಹಳದಿ, ನಕ್ಷತ್ರದ ಆಕಾರ; ಎಲೆಯ ಮಧ್ಯೆ ಇದ್ದರೂ ಕಣ್ಣಿಗೆ ಬೀಳದು. ಹೆಣ್ಣು ಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಎಂದು ನಮ್ಮ ಹಳೆಯ ಕವಿಗಳು ಕಟ್ಟಿದ ಕವಿಸಮಯವಿದೆಯಲ್ಲ, ಅದನ್ನು ಕಟ್ಟಿಸಿಕೊಳ್ಳುವಷ್ಟು ಚೆಲುವು ಇರುವುದು ಸರಾಕಾಗೆ ಮಾತ್ರ.

ಕಾಯಿ ಚಪ್ಪಟೆ, ತೊಗಲಿನಂತೆ ಗಟ್ಟಿ, ಒಂದು ಗೇಣಿನಷ್ಟು ಉದ್ದ. ಒಳಗೆ ನಾಲ್ಕರಿಂದ ಎಂಟು ಬೀಜ. ದ್ವಿದಳ ಬಳಗದ ಸಹಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಾರ್ಕಿನ ಮರದ್ದು ನೇರಳೆ ಹಣ್ಣಿನಂಥ ಸಣ್ಣ ಹಣ್ಣುಗಳ ಗೊಂಚಲು.

ಇನ್ನೆರಡು ಮೋಸಗಳನ್ನು ಹೇಳಿಬಿಡುತ್ತೇನೆ. ಉದ್ಯಾನಗಳಲ್ಲಿ ಹಳದಿ ಹೂವಿನ ಸರಾಕಾ ನೆಟ್ಟಿರುತ್ತಾರೆ. ಅದು ಆಗ್ನೇಯ ಏಷ್ಯಾದಿಂದ ಬಂದ ಅತಿಥಿ, ನಮ್ಮ ಕಾಡಿನದ್ದಲ್ಲ. ಪಶ್ಚಿಮಘಟ್ಟದ ಕಾಡಿನೊಳಗೆ ಹಂಬೋಲ್ಟಿಯಾ ಎಂಬ ಇನ್ನೊಂದು ದ್ವಿದಳ ಗಿಡವಿದೆ, ಅದರ ಚಿಗುರೂ ಹೀಗೆಯೇ ಜೋತು ಬೀಳುತ್ತದೆ. ಅದರ ಕೊಂಬೆಗಳಲ್ಲಿ ಅಲ್ಲಲ್ಲಿ ಉಬ್ಬಿದ ಟೊಳ್ಳುಗಳಿದ್ದು ಇರುವೆಗಳು ಮನೆ ಮಾಡಿಕೊಂಡಿರುತ್ತವೆ. ಇರುವೆ ಕಚ್ಚಿಸಿಕೊಂಡವರು ಮತ್ತೆ ತಪ್ಪುವುದಿಲ್ಲ.

ಹಳೆಯ ಪುಸ್ತಕಗಳಲ್ಲಿ ಅಶೋಕಕ್ಕೆ 'ಸರಾಕಾ ಇಂಡಿಕಾ' ಎಂದಿರುವುದನ್ನು ನೋಡಿ ಗೊಂದಲಪಡಬೇಡಿ. ಆ ಹೆಸರು ಈಗ ಸಲ್ಲುವುದು ಆಗ್ನೇಯ ಏಷ್ಯಾದ ಬೇರೆ ಜಾತಿಗೆ. ಕನ್ನಡದಲ್ಲಿ ಸೀತಾ ಅಶೋಕ, ಅಶೋಕದ ಮರ, ಅಚೆಂಗೆ, ಕೆಂಕಳಿ ಎಂಬ ಹೆಸರುಗಳಿವೆ. ನರ್ಸರಿಗೆ ಹೋದಾಗ ಬರೀ 'ಅಶೋಕ' ಕೇಳಬೇಡಿ. ಒಮ್ಮೆ ನಾನು ಹಾಗೆ ಕೇಳಿ ತಂದ ಎರಡು ಸಸಿ ಇವತ್ತಿಗೂ ನಮ್ಮ ಬೇಲಿಯ ಬದಿಗೆ ಕಂಬದಂತೆ ನಿಂತಿವೆ, ನನ್ನನ್ನು ಅಣಕಿಸಲಿಕ್ಕೆ.

ಎರಡನೇ ಹೆಜ್ಜೆ: ಕೆಂಪುಪಟ್ಟಿಯನ್ನು ಓದುವುದು

ಐಯುಸಿಎನ್ ಅಂದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ; ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಅದರ ಕೆಂಪುಪಟ್ಟಿಯಲ್ಲಿ ಸರಾಕಾ ಅಶೋಕ 1998ರಲ್ಲಿ 'ವಲ್ನರಬಲ್' ವರ್ಗಕ್ಕೆ ಸೇರಿತು. ಅಪಾಯಕ್ಕೆ ತುತ್ತಾಗುವ ಸ್ಥಿತಿಯಲ್ಲಿರುವುದು ಎಂದು ಅರ್ಥ. ಅದಕ್ಕೂ ಮೇಲೆ ಅಳಿವಿನಂಚಿನ 'ಎಂಡೇಂಜರ್ಡ್', ಇನ್ನೂ ಮೇಲೆ ತೀರಾ ಅಂಚಿನ 'ಕ್ರಿಟಿಕಲಿ ಎಂಡೇಂಜರ್ಡ್' ಇವೆ. ಈ ಮೂರನ್ನು ಒಟ್ಟಾಗಿ ಅಪಾಯದಲ್ಲಿರುವವು ಎನ್ನುತ್ತಾರೆ. ಪತ್ರಿಕೆಗಳಲ್ಲಿ ಎಲ್ಲವನ್ನೂ ಸೇರಿಸಿ 'ಅಳಿವಿನಂಚಿನಲ್ಲಿ' ಎಂದು ಬರೆದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಉತ್ಪ್ರೇಕ್ಷೆ ಮಾಡಿದವನ ಮಾತನ್ನು ಅರಣ್ಯಾಧಿಕಾರಿ ಎರಡನೇ ಸಲ ಕೇಳುವುದಿಲ್ಲ.

ಪಟ್ಟಿಯ ಪುಟ ತೆರೆದಾಗ ವರ್ಗಕ್ಕಿಂತ ಮೊದಲು ಎರಡು ವಿಷಯ ನೋಡಿ: ಮೌಲ್ಯಮಾಪನದ ವರ್ಷ, ಮತ್ತು ವರ್ಗದ ಪಕ್ಕದ ಸಂಕೇತ. ಅಶೋಕದ 1998ರ ದಾಖಲೆಯಲ್ಲಿ ಆ ಸಂಕೇತ 'ಬಿ1+2ಸಿ'. ಹೀಗೆ ಬಿಡಿಸಬೇಕು. 'ಬಿ' ಎಂದರೆ ಹರಡಿರುವ ಪ್ರದೇಶದ ವಿಸ್ತಾರ ಚಿಕ್ಕದು. '1' ಎಂದರೆ ಇರುವ ನೆಲೆಗಳು ತುಂಡುತುಂಡಾಗಿವೆ ಅಥವಾ ಬೆರಳೆಣಿಕೆಯಷ್ಟಿವೆ. '2ಸಿ' ಎಂದರೆ ನೆಲೆಯ ವಿಸ್ತೀರ್ಣ ಅಥವಾ ಗುಣಮಟ್ಟ ಕುಸಿಯುತ್ತಲೇ ಇದೆ. ಗಮನಿಸಿದಿರಾ? ಔಷಧಿಗಾಗಿ ತೊಗಟೆ ಸುಲಿಯುವ ವ್ಯಾಪಾರದ ಸುದ್ದಿಯೇ ಈ ಸಂಕೇತದಲ್ಲಿಲ್ಲ. ನೆಲೆ ಹೋಗುತ್ತಿರುವುದಷ್ಟೇ ಲೆಕ್ಕಕ್ಕೆ ಬಂದಿದೆ. ತೊಗಟೆಯ ಲೆಕ್ಕವನ್ನು ಜೋಡಿಸುವ ಕೆಲಸ ಕ್ಷೇತ್ರದಲ್ಲಿ ಓಡಾಡುವವರ ಪಾಲಿಗೆ ಉಳಿದಿದೆ, ಅಂದರೆ ನಮ್ಮ ಪಾಲಿಗೆ.

ವರ್ಷ ಏಕೆ ಮುಖ್ಯವೆಂದರೆ, ಹತ್ತು ವರ್ಷ ದಾಟಿದ ಮೌಲ್ಯಮಾಪನವನ್ನು ಐಯುಸಿಎನ್ ತಾನೇ ಹಳತಾಯಿತು ಎಂದು ಎಣಿಸುತ್ತದೆ. 1998ರಲ್ಲಿ ಬಳಸಿದ್ದು ಹಳೆಯ ಮಾನದಂಡ, ಈಗಿನ 3.1ನೇ ಆವೃತ್ತಿ ಬಂದದ್ದು 2001ರಲ್ಲಿ. ವರ್ಗಗಳು ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ಇದೇ ಕುಟುಂಬದ ರಕ್ತಚಂದನವನ್ನು ನೋಡಿ. ಮೊದಲು ಎಂಡೇಂಜರ್ಡ್ ಎಂದಿದ್ದದ್ದನ್ನು 2018ರಲ್ಲಿ 'ನಿಯರ್ ಥ್ರೆಟನ್ಡ್'ಗೆ, ಅಂದರೆ ಅಪಾಯದ ಸಮೀಪಕ್ಕೆ ಇಳಿಸಿದರು. 2021ರಲ್ಲಿ ಮತ್ತೆ ಎಂಡೇಂಜರ್ಡ್‌ಗೆ ಏರಿಸಿದರು. ಹಾಗಾಗಿ ಎಲ್ಲಿಯಾದರೂ ಉಲ್ಲೇಖಿಸುವಾಗ 'ಇಂಥ ವರ್ಷದ ಮೌಲ್ಯಮಾಪನದಲ್ಲಿ ಇಂಥ ವರ್ಗ' ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಈಗಿನ ಮಾನದಂಡದಲ್ಲಿ ಎ ಯಿಂದ ಇ ವರೆಗೆ ಐದು ಅಳತೆಗೋಲುಗಳಿವೆ. ನಮ್ಮಂಥವರಿಗೆ ಮೂರು ಸಾಕು. 'ಎ' ಎಂದರೆ ಸಂಖ್ಯೆಯ ಕುಸಿತ: ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅಷ್ಟು ಅವಧಿಯಲ್ಲಿ ಶೇ 30ರಷ್ಟು ಕುಸಿದರೆ ವಲ್ನರಬಲ್, ಶೇ 50 ಆದರೆ ಎಂಡೇಂಜರ್ಡ್, ಶೇ 80 ಆದರೆ ಕ್ರಿಟಿಕಲ್; ಕುಸಿತದ ಕಾರಣ ಇನ್ನೂ ನಿಲ್ಲದಿದ್ದಾಗ ಈ ಲೆಕ್ಕ. 'ಬಿ' ವಿಸ್ತಾರದ್ದು: ಹೊರಗಡಿ ಎಳೆದು ಅಳೆದ ಹರವು 20,000 ಚದರ ಕಿ.ಮೀ.ಗಿಂತ ಕಡಿಮೆ ಅಥವಾ ನಿಜವಾಗಿ ನೆಲೆಸಿರುವ ಜಾಗ 2,000 ಚದರ ಕಿ.ಮೀ.ಗಿಂತ ಕಡಿಮೆ ಇದ್ದರೆ ವಲ್ನರಬಲ್‌ಗೆ ಅರ್ಹ. ಆದರೆ ಅಂಕಿ ಮಾತ್ರ ಸಾಲದು. ತುಂಡಾಗಿರುವುದು, ಕುಸಿಯುತ್ತಿರುವುದು, ವಿಪರೀತ ಏರಿಳಿತ, ಈ ಮೂರರಲ್ಲಿ ಎರಡಾದರೂ ಜೊತೆಗಿರಬೇಕು. 'ಡಿ' ತೀರಾ ಚಿಕ್ಕ ಸಂಖ್ಯೆಯದು: ಬೆಳೆದ ಮರಗಳು 1,000ಕ್ಕಿಂತ, 250ಕ್ಕಿಂತ, 50ಕ್ಕಿಂತ ಕಡಿಮೆ ಎಂಬ ಮೂರು ಮೆಟ್ಟಿಲು.

ಮೂರನೇ ಹೆಜ್ಜೆ: ನಿಮ್ಮ ಊರಿನ ಮರಗಳನ್ನು ಎಣಿಸುವುದು

ಸೀತಾ ಅಶೋಕದ ಸಹಜ ನೆಲೆ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡಿನ ಹಳ್ಳದ ದಂಡೆ. ನಮ್ಮಲ್ಲಿ ಕರಾವಳಿ, ಮಲೆನಾಡು, ಕೊಡಗಿನ ಕಡೆ. ಹೊರಗೆ ಕೇರಳ, ಗೋವಾ, ಕೊಂಕಣ, ದೂರದ ಮೇಘಾಲಯದವರೆಗೆ. ಎತ್ತರದ ಬೆಟ್ಟದ ನೆತ್ತಿಯಲ್ಲಿ ಹುಡುಕುವುದು ವ್ಯರ್ಥ. ನೆರಳು, ತೇವ, ಹರಿವ ನೀರಿನ ಪಕ್ಕದ ಆಳವಾದ ಮಣ್ಣು ಎಲ್ಲಿದೆಯೋ ಅಲ್ಲಿ ನೋಡಿ. ದೇವರ ಕಾಡುಗಳನ್ನು ಮೊದಲು ನೋಡಿ. ನಾಗಬನದ ಒಂದು ಮೂಲೆಯಲ್ಲಿ ಉಳಿದಿರುವ ಹಳೆಯ ಮರ ಸುತ್ತಲಿನ ಹತ್ತು ಊರಿಗೆ ಬೀಜ ಕೊಡಬಲ್ಲದು.

ಕಾಯ್ದಿಟ್ಟ ಅರಣ್ಯ, ಅಭಯಾರಣ್ಯಗಳಿಗೆ ಹೋಗುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆಯಿರಿ. ಎಣಿಕೆಗೂ ಬೇಕು, ಬೀಜಕ್ಕಂತೂ ಬೇಕೇ ಬೇಕು.

ಎರಡು ಸಲ ಹೋಗಬೇಕು. ಮೊದಲನೆಯದು ಫೆಬ್ರುವರಿ ಕೊನೆ ಅಥವಾ ಮಾರ್ಚ್, ಹೂವಿನ ಬಣ್ಣದಿಂದ ಮರ ದೂರಕ್ಕೇ ಕಾಣುತ್ತದೆ. ಎರಡನೆಯದು ಮಳೆ ಶುರುವಾದ ಮೇಲೆ, ಮರದಡಿಯ ಮರಿಗಿಡ ನೋಡಲಿಕ್ಕೆ. ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಜಿಗಣೆಯ ಭಯಕ್ಕೋ ಏನೋ. ಆದರೆ ಮುಖ್ಯವಾದ ಉತ್ತರ ಸಿಗುವುದು ಅಲ್ಲೇ.

ಹಳ್ಳದ ಗುಂಟ ಒಂದು ಕಿಲೋಮೀಟರ್ ನಡೆಯಿರಿ. ದಾರಿಯ ಎಡಬಲಕ್ಕೆ ಹತ್ತು ಹತ್ತು ಮೀಟರ್ ಒಳಗಿನ ಪ್ರತಿ ಅಶೋಕವನ್ನೂ ಬರೆದುಕೊಳ್ಳಿ. 1,000 ಮೀಟರ್ ಉದ್ದ, 20 ಮೀಟರ್ ಅಗಲ, ಒಟ್ಟು 2 ಹೆಕ್ಟೇರ್ ಆಯಿತು. ಪ್ರತಿ ಮರಕ್ಕೂ ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಿರಿ. ಹೂವೋ ಹಳೆಯ ಕಾಯಿ ಸಿಪ್ಪೆಯೋ ಇದೆಯೇ ನೋಡಿ. ಕೆಂಪುಪಟ್ಟಿಯ ಲೆಕ್ಕದಲ್ಲಿ 'ಬೆಳೆದ ಮರ' ಎಂದರೆ ದಪ್ಪ ಮರವಲ್ಲ, ಸಂತಾನ ಪಡೆಯಬಲ್ಲ ಮರ. ಕೊನೆಗೆ ಕಾಂಡವನ್ನು ಒಂದು ಸುತ್ತು ಬಂದು ತೊಗಟೆ ಸುಲಿದ ಗಾಯವಿದೆಯೇ ಪರೀಕ್ಷಿಸಿ. ಸುತ್ತಳತೆಯ ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ಎಂದು ಬರೆದರೆ ಸಾಕು. ಪೂರ್ತಿ ಸುಲಿದ ಮರ ಹಸಿರಾಗಿ ಕಂಡರೂ ಅದನ್ನು ಉಳಿಯುವ ಮರಗಳ ಪಟ್ಟಿಗೆ ಸೇರಿಸಬೇಡಿ.

ಎಣಿಕೆ ಮುಗಿದ ಮೇಲೆ ವಯಸ್ಸಿನ ಪ್ರಕಾರ ಗುಂಪು ಮಾಡಿ: ಮೊಣಕಾಲೆತ್ತರದ ಮರಿಗಿಡ, ಆಳೆತ್ತರದ ಎಳೆಗಿಡ, ಹೂ ಬಿಡದ ಮರ, ಹೂ ಬಿಡುವ ಮರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಹಳ್ಳದಲ್ಲಿ ಹೂ ಬಿಡುವ ಮರ 14, ಬಿಡದ್ದು 3, ಎಳೆಗಿಡ 2, ಮರಿಗಿಡ ಸೊನ್ನೆ ಎಂದಿರಲಿ. ಹದಿನಾಲ್ಕು ಮರ ಹೂ ಬಿಟ್ಟು ನಿಂತಾಗ ಹಳ್ಳ ಸಮೃದ್ಧವಾಗಿಯೇ ಕಾಣುತ್ತದೆ, ಫೋಟೊಗಳೂ ಚೆನ್ನಾಗಿ ಬರುತ್ತವೆ. ಆದರೆ ಮರಿಗಿಡವೇ ಇಲ್ಲದ ಆ ಗುಂಪು ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಮುದುಕರಷ್ಟೇ ಉಳಿದ ಹಳ್ಳಿ. ಮರಿಗಿಡ ಏಕಿಲ್ಲ ಎಂಬುದನ್ನು ಸ್ಥಳದಲ್ಲೇ ಹುಡುಕಿ: ಬೀಜ ಹುಳು ತಿಂದಿದೆಯೇ, ದನ ಮೇದಿದೆಯೇ, ತರಗೆಲೆ ಬಾಚಿ ಒಯ್ಯುವಾಗ ಮೊಳಕೆಯೂ ಹೋಗುತ್ತಿದೆಯೇ, ಬೇಸಿಗೆಯಲ್ಲಿ ಹಳ್ಳವೇ ಒಣಗುತ್ತಿದೆಯೇ. ಒಂದೊಂದಕ್ಕೂ ಮದ್ದು ಬೇರೆ.

ವಿಸ್ತಾರದ ಲೆಕ್ಕಕ್ಕೆ ಪ್ರತಿ ಗುಂಪಿನ ಜಿಪಿಎಸ್ ಬಿಂದು ಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ 'ಜಿಯೋಕ್ಯಾಟ್' ಎಂಬ ಉಚಿತ ತಾಣದಲ್ಲಿ ಬಿಂದುಗಳನ್ನು ಹಾಕಿದರೆ ಎರಡೂ ವಿಸ್ತಾರವನ್ನು ಅದೇ ಲೆಕ್ಕ ಹಾಕಿಕೊಡುತ್ತದೆ. ನಿಜವಾಗಿ ನೆಲೆಸಿರುವ ಜಾಗದ ಕೈಲೆಕ್ಕವೂ ಕಷ್ಟವಲ್ಲ: ನಕ್ಷೆಯ ಮೇಲೆ 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಗಳನ್ನು ಎಳೆದು, ಮರವಿರುವ ಚೌಕಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿ. ಏಳು ಚೌಕ ಬಂದರೆ 28 ಚದರ ಕಿ.ಮೀ. ಈ ಸಂಖ್ಯೆಯನ್ನು ನೋಡಿ 'ನಮ್ಮ ತಾಲ್ಲೂಕಿನಲ್ಲಿ ಅಶೋಕ ಎಂಡೇಂಜರ್ಡ್' ಎಂದು ಘೋಷಿಸಿಬಿಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಮಾನದಂಡದ ಅಂಕಿಗಳು ಇಡೀ ಜಾತಿಯ ಹರವಿಗೆ ಮಾಡಿದವು; ಪ್ರಾದೇಶಿಕ ಮೌಲ್ಯಮಾಪನಕ್ಕೆ ಐಯುಸಿಎನ್ ಪ್ರತ್ಯೇಕ ಕ್ರಮ ಹಾಕಿಕೊಟ್ಟಿದೆ. ನಿಮ್ಮ ಕೆಲಸ ತೀರ್ಪು ಕೊಡುವುದಲ್ಲ, ಮುಂದೆ ಮೌಲ್ಯಮಾಪನ ಮಾಡುವವರ ಕೈಗೆ ನಂಬಬಹುದಾದ ಸಾಕ್ಷಿ ಕೊಡುವುದು.

ಒಂದು ಎಚ್ಚರಿಕೆ. ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಏರಿಸುವುದು ಒಳ್ಳೆಯದೇ, ಆದರೆ ನಿಖರ ಸ್ಥಳವನ್ನು ಮರೆಮಾಚುವ ಆಯ್ಕೆ ಒತ್ತಿ. ತೊಗಟೆ ಹುಡುಕುವವರ ಕೈಯಲ್ಲೂ ಮೊಬೈಲ್ ಇದೆ.

ನಾಲ್ಕನೇ ಹೆಜ್ಜೆ: ಬೀಜ ಸಂಗ್ರಹ

ಕಾಯಿ ಬಲಿಯುವುದು ಮೇ ತಿಂಗಳಿಂದ ಜುಲೈವರೆಗೆ, ಪ್ರದೇಶಕ್ಕೆ ತಕ್ಕಂತೆ ಹಿಂದುಮುಂದಾಗುತ್ತದೆ. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದಾಗ, ಸಿಡಿಯುವ ಮೊದಲು ಕೀಳಬೇಕು. ಸಿಡಿದ ಮೇಲೆ ಹೋದರೆ ಅಳಿಲು, ಮುಸುವಗಳು ನಿಮಗಿಂತ ಮುಂಚೆ ಬಂದು ಹೋಗಿರುತ್ತವೆ.

ಒಂದೇ ಮರದ ಎಲ್ಲ ಕಾಯಿ ಕೀಳುವುದು ಎರಡು ರೀತಿಯ ತಪ್ಪು. ಮೊದಲನೆಯದು, ಕಾಡಿಗೆ ಏನೂ ಉಳಿಯುವುದಿಲ್ಲ. ಬೀಜ ಬ್ಯಾಂಕಿನವರು ಪಾಲಿಸುವ ಸಾಮಾನ್ಯ ಮಿತಿ ಆ ದಿನ ಬಲಿತಿರುವ ಬೀಜದ ಶೇ 20; ಚಿಕ್ಕ ಗುಂಪಿನಲ್ಲಿ ನಾನು ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಎರಡನೆಯದು, ಒಂದು ತಾಯಿಯ ಮಕ್ಕಳನ್ನೇ ಊರೆಲ್ಲ ನೆಟ್ಟರೆ ಮುಂದಿನ ತಲೆಮಾರು ಅಣ್ಣತಂಗಿಯರ ನಡುವಿನ ಸಂತಾನವಾಗುತ್ತದೆ. ದೂರದೂರದ ಹತ್ತಾರು ಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ತಾಯಿಮರಕ್ಕೊಂದು ಬಟ್ಟೆಚೀಲ, ಚೀಲದ ಮೇಲೆ ಮರದ ಸಂಖ್ಯೆ, ದಿನಾಂಕ, ಹಳ್ಳದ ಹೆಸರು. ಈ ಚೀಟಿ ಕಳೆದುಹೋದ ಬೀಜ ತೋಟಕ್ಕಾದೀತು, ಸಂರಕ್ಷಣೆಗೆ ಆಗುವುದಿಲ್ಲ.

ಇಲ್ಲೇ ನಾನು ಮೊದಲ ಸಲ ಎಡವಿದ್ದು. ದ್ವಿದಳ ತಾನೇ, ಅವರೆ ಬೀಜದಂತೆ ಬಿಸಿಲಿಗೆ ಹರವಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟೆ. ಮುಂದಿನ ಮಳೆಗಾಲದಲ್ಲಿ ಅರವತ್ತು ಬೀಜ ಹಾಕಿದರೆ ಒಂದೂ ಕಣ್ಣು ಬಿಡಲಿಲ್ಲ. ಅಶೋಕದ ಬೀಜ ಒಣಗಿದರೆ ಸಾಯುತ್ತದೆ. ಹಲಸಿನ ಬೀಜದ ಹಾಗೆಂದು ತಿಳಿಯಿರಿ, ತೇವ ಆರುವ ಮೊದಲೇ ಮಣ್ಣು ಸೇರಬೇಕು. ತಂದ ದಿನವೇ ಅಥವಾ ಮಾರನೆಯ ದಿನ ಬಿತ್ತುವುದು ಉತ್ತಮ. ಆಗದಿದ್ದರೆ ಒದ್ದೆ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಮುಚ್ಚಿ ನೆರಳಿನಲ್ಲಿಟ್ಟು ಕೆಲವು ದಿನ ತಳ್ಳಬಹುದು. ಫ್ರಿಜ್ ಬೇಡ, ಪ್ಲಾಸ್ಟಿಕ್ ಡಬ್ಬಿಯ ಬಿಗಿ ಮುಚ್ಚಳವೂ ಬೇಡ.

ಐದನೇ ಹೆಜ್ಜೆ: ಸಸಿ ಮಾಡುವುದು

ತೂತು ಬಿದ್ದವನ್ನು ಬೇರ್ಪಡಿಸಿ. ಉಳಿದವನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಹಾಕಿ. ಗಟ್ಟಿ ಸಿಪ್ಪೆಯ ದ್ವಿದಳ ಬೀಜಗಳಿಗೆ ಮಾಡುವಂತೆ ಕುದಿನೀರು ಹೊಯ್ಯುವುದು, ಮರಳುಕಾಗದಕ್ಕೆ ಉಜ್ಜುವುದು ಇದಕ್ಕೆ ಬೇಡವೇ ಬೇಡ, ಬೆಂದುಹೋಗುತ್ತದೆ. ಕಾಡುಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿದ ಉದ್ದನೆಯ ಪಾಲಿಥಿನ್ ಚೀಲದಲ್ಲಿ ಬೀಜವನ್ನು ಮಲಗಿಸಿ ಇಟ್ಟು ಒಂದು ಬೆರಳಿನ ದಪ್ಪ ಮಣ್ಣು ಮುಚ್ಚಿ. ನೇರವಾಗಿ ಚೀಲಕ್ಕೇ ಹಾಕಿ. ಪಾತಿಯಲ್ಲಿ ಮೊಳಕೆ ಬರಿಸಿ ಕಿತ್ತು ನೆಟ್ಟರೆ ತಾಯಿಬೇರು ಮುರಿಯುತ್ತದೆ. ಅರ್ಧ ಬಿಸಿಲು ತಡೆಯುವ ನೆರಳುಬಲೆಯ ಕೆಳಗಿಡಿ. ತಾಜಾ ಬೀಜವಾದರೆ ಮೂರು ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ.

ಮೊದಲ ಎಲೆ ಕೆಂಪಗೆ, ಜೋತುಬಿದ್ದೇ ಬರುತ್ತದೆ. ಆಗಲೇ ಹೇಳಿದೆ, ಅದು ಬಾಡಿದ್ದಲ್ಲ. ಬಾಡಿತೆಂದು ದಿನಕ್ಕೆ ಮೂರು ಸಲ ನೀರು ಹೊಯ್ದು ಬೇರು ಕೊಳೆಸಿದ ಸಸಿಗಳೇ ನರ್ಸರಿಗಳಲ್ಲಿ ಹೆಚ್ಚು ಸಾಯುತ್ತವೆ ಎಂದು ನನ್ನ ಗುಮಾನಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಎಲೆಯನ್ನು ನೋಡಿ ನೀರು ಹಾಕಬೇಡಿ.

ಇನ್ನೊಂದು ಮಾತು, ಕೃಷಿಯಲ್ಲಿ ಪಳಗಿದವರಿಗಾಗಿ. ದ್ವಿದಳ ಎಂದಕೂಡಲೇ ಬೀಜಕ್ಕೆ ರೈಜೋಬಿಯಂ ಎಂಬ, ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾದ ಪುಡಿ ಲೇಪಿಸುವ ರೂಢಿ ಇದೆ. ಅಶೋಕ, ಹುಣಸೆಗಳ ಉಪಕುಟುಂಬ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ಗಾಳಿಯ ಸಾರಜನಕವನ್ನು ಹಿಡಿಯುವುದೂ ಇಲ್ಲ. ಆ ಪುಡಿಗೆ ಕೊಡುವ ದುಡ್ಡು ದಂಡ. ಬದಲಿಗೆ ತಾಯಿಮರದ ಬುಡದ ಒಂದು ಹಿಡಿ ಮಣ್ಣನ್ನು ಚೀಲದ ಮಣ್ಣಿಗೆ ಬೆರೆಸಿದರೆ ಅಲ್ಲಿನ ಶಿಲೀಂಧ್ರಗಳಾದರೂ ಜೊತೆಗೆ ಬರುತ್ತವೆ.

ಆರನೇ ಹೆಜ್ಜೆ: ನೆಡುವುದು

ಒಂದು ವರ್ಷದ ಸಸಿಯನ್ನು ಮುಂಗಾರಿನ ಮೊದಲ ಒಂದೆರಡು ಹದ ಮಳೆ ಬಿದ್ದ ಮೇಲೆ ನೆಡಿ. ಎರಡಡಿ ಉದ್ದಗಲ, ಎರಡಡಿ ಆಳದ ಗುಂಡಿ ಸಾಕು. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ. ಇದು ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಮರ ಎಂಬುದನ್ನು ಮರೆಯಬೇಡಿ. ಬಯಲಲ್ಲಿ, ಟಾರು ರಸ್ತೆಯ ಪಕ್ಕ ನೆಟ್ಟರೆ ಮೊದಲ ಬೇಸಿಗೆಯಲ್ಲೇ ಎಲೆಯಂಚು ಸುಡುತ್ತದೆ. ಅಡಿಕೆ ತೋಟದ ಅಂಚು, ಕಾಫಿ ತೋಟದ ಹಳ್ಳದ ಬದಿ, ಕೆರೆಯ ಕೆಳಗಿನ ತಂಪು ಜಾಗ ಹೇಳಿ ಮಾಡಿಸಿದವು. ಬಯಲುಸೀಮೆಯವರು ಬಾಳೆಯನ್ನು ಮೂರು ಕಡೆ ನೆಟ್ಟು ನೆರಳು ಮಾಡಿ ಎರಡು ಮೂರು ವರ್ಷ ದಾಟಿಸಬಹುದು. ಬುಡಕ್ಕೆ ತರಗೆಲೆಯ ಹೊದಿಕೆ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು, ದನದಿಂದ ಬೇಲಿ. ಗಿಡದಿಂದ ಗಿಡಕ್ಕೆ ನಾಲ್ಕೈದು ಮೀಟರ್ ಬಿಡಿ.

ಕಾಡಿನ ಹಳ್ಳಕ್ಕೆ ಮರಳಿ ನೆಡುವುದಾದರೆ ಅದೇ ಹಳ್ಳದ ಬೀಜದ ಸಸಿಯನ್ನೇ ನೆಡಬೇಕು. ಬೇರೆ ರಾಜ್ಯದ ನರ್ಸರಿಯಿಂದ ಲಾರಿಯಲ್ಲಿ ತಂದ ಸಾವಿರ ಸಸಿಗಿಂತ ಅಲ್ಲಿಯದೇ ಐವತ್ತು ಮೇಲು. ಮನೆಯಂಗಳಕ್ಕೆ ಈ ಕಟ್ಟುನಿಟ್ಟು ಬೇಕಿಲ್ಲ.

ಏಳನೇ ಹೆಜ್ಜೆ: ತೊಗಟೆಯ ಪ್ರಶ್ನೆ

ಅಶೋಕದ ತೊಗಟೆ ಆಯುರ್ವೇದದಲ್ಲಿ ಸ್ತ್ರೀಯರ ತೊಂದರೆಗಳಿಗೆ ಹೆಸರಾದ ಮದ್ದು, ಅಶೋಕಾರಿಷ್ಟದ ಮೂಲದ್ರವ್ಯ. ಬೇಡಿಕೆ ಸಾವಿರಾರು ಟನ್ನುಗಳ ಲೆಕ್ಕದಲ್ಲಿದೆ; ತೋಟದಲ್ಲಿ ಬೆಳೆಸಿದ ಮರ ಅಷ್ಟಿಲ್ಲ. ಕೊರತೆ ತುಂಬುವುದು ಎರಡು ದಾರಿಯಲ್ಲಿ: ಕಾಡಿನ ಮರ ಸುಲಿದು, ಇಲ್ಲವೇ ಪಾರ್ಕಿನ 'ಅಶೋಕ'ದ ತೊಗಟೆ ಬೆರೆಸಿ. ಮಾರುಕಟ್ಟೆಯ ಮಾದರಿಗಳನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದ ಸಂಶೋಧಕರಿಗೂ ಕಲಬೆರಕೆ ಕಂಡಿದೆ. ಒಂದೇ ಹೆಸರಿನ ಗೊಂದಲ ಇಲ್ಲಿ ಮರಕ್ಕೂ ರೋಗಿಗೂ ಏಕಕಾಲಕ್ಕೆ ಮೋಸ ಮಾಡುತ್ತಿದೆ.

ಸ್ವಂತ ತೋಟದಲ್ಲಿ ಬೆಳೆದ ಮರದಿಂದ ವೈದ್ಯರು ತೊಗಟೆ ಕೇಳಿದರೆ ಕೊಡುವ ಕ್ರಮವಿದೆ. ಮೊದಲ ಆಯ್ಕೆ, ಸವರಿದ ಕೊಂಬೆಗಳ ತೊಗಟೆ. ಕಾಂಡದಿಂದಲೇ ಬೇಕೆಂದರೆ ಮೇಲಿಂದ ಕೆಳಕ್ಕೆ ಉದ್ದುದ್ದ ಪಟ್ಟಿಯಾಗಿ, ಸುತ್ತಳತೆಯ ಕಾಲು ಭಾಗ ಮೀರದಂತೆ, ಒಳಗಿನ ಮರಕ್ಕೆ ಕತ್ತಿ ತಾಗದಂತೆ ತೆಗೆಯಬೇಕು. ಆ ಗಾಯ ಮುಚ್ಚುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು. ಬಳೆ ತೊಡಿಸಿದಂತೆ ಸುತ್ತಲೂ ಸುಲಿದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಗುತ್ತದೆ. ಬೇರು ಹಸಿದು ಸಾಯುತ್ತದೆ, ಆಮೇಲೆ ಮರ. ಕಾಡಿನ ಮರದಿಂದ ತೆಗೆಯುವ ಮಾತೇ ಬೇಡ. ಮನೆಮದ್ದೆಂದು ತಾವೇ ಕಷಾಯ ಮಾಡಿ ಕುಡಿಯುವುದೂ ಬೇಡ.

ಎಂಟನೇ ಹೆಜ್ಜೆ: ಪಂಚಾಯಿತಿಯ ದಾಖಲೆಗೆ ಸೇರಿಸುವುದು

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿ ತರಿಸಿ 'ಅಶೋಕ' ಎಂಬ ಸಾಲು ಹುಡುಕಿ. ಯಾವ ಅಶೋಕ ಎಂದು ಬರೆದಿಲ್ಲದಿದ್ದರೆ, ಬರೆದಿರುವ ಸಾಧ್ಯತೆ ಕಡಿಮೆ, ನಿಮ್ಮ ಎಣಿಕೆಯ ಹಾಳೆ, ಎಲೆ, ಹೂ, ಕಾಯಿಗಳ ಫೋಟೊ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಡಿ. ಅರ್ಜಿ ಒಂದೇ ಪುಟ ಇರಲಿ. ಸಸ್ಯಶಾಸ್ತ್ರೀಯ ಹೆಸರನ್ನು ಬರೆಯಿರಿ, ಎಷ್ಟು ಹೂ ಬಿಡುವ ಮರ, ಎಷ್ಟು ಮರಿಗಿಡ, ಎಷ್ಟಕ್ಕೆ ತೊಗಟೆಯ ಗಾಯ ಎಂಬ ಮೂರು ಅಂಕಿ ಕೊಡಿ. ಅರಣ್ಯ ಇಲಾಖೆಯ ನರ್ಸರಿಗೆ ಸಸಿ ಬೇಡಿಕೆ ಸಲ್ಲಿಸುವಾಗಲೂ 'ಸೀತಾ ಅಶೋಕ, ಸರಾಕಾ' ಎಂದೇ ಬರೆಯಿರಿ. ಬರೀ ಅಶೋಕ ಎಂದು ಬರೆದರೆ ಮಳೆಗಾಲಕ್ಕೆ ಏನು ಬಂದಿಳಿಯುತ್ತದೆ ಎಂಬುದು ನಿಮಗೀಗ ಗೊತ್ತು.

ಎಣಿಕೆಯನ್ನು ಪ್ರತಿ ವರ್ಷ ಅದೇ ತಿಂಗಳು, ಅದೇ ಹಳ್ಳ, ಅದೇ ಅಗಲದಲ್ಲಿ ಮಾಡಿ. ನೆಟ್ಟ ಸಸಿಗಳಿಗೆ ಪ್ರತ್ಯೇಕ ಪುಟ ಇರಲಿ: ಬದುಕಿದ್ದೆಷ್ಟು, ಎತ್ತರ ಎಷ್ಟು, ಸತ್ತದ್ದು ಏಕೆ. ಮೊದಲ ಹೂವಿಗೆ ಏಳೆಂಟು ವರ್ಷ ಹಿಡಿಯಬಹುದು. ಹೂ ಬಂದ ವರ್ಷ ಅದನ್ನೂ ಬರೆದುಕೊಳ್ಳಿ, ಆದರೆ ಆ ಗಿಡವನ್ನು 'ಬೆಳೆದ ಮರ'ದ ಪಟ್ಟಿಗೆ ದಾಟಿಸುವ ಮೊದಲು ಇನ್ನೊಂದು ಮಳೆಗಾಲ ಕಾಯಿರಿ, ಕಾಯಿ ಕಟ್ಟಿ ಬೀಜ ಬಲಿಯುತ್ತದೆಯೇ ನೋಡಲಿಕ್ಕೆ.